ಸವೆಯದ ಪ್ಯಾಡು

ಚಳ್ಳಕೆರೆ ಗೇಟಿನ ನನ್ನ ಶೆಡ್ಡಿಗೆ
ಪಾಲಮ್ಮ ಮೇಡಂ ಕಾರು ಬಂತು, ಸದ್ದಿಲ್ಲದೆ;
ಬಾಗಿಲ ನಾಯಿ ಕೂಡ ಏಳಲಿಲ್ಲ.
‘ಎಪ್ಪತ್ತು ಸಾವಿರ ಓಡಿದೆ ದಾದಾಪೀರ್, ಬ್ರೇಕು ನೋಡು.’

ಚಕ್ರ ಬಿಚ್ಚಿದೆ.
ಪ್ಯಾಡು ಹೊಸದರಷ್ಟೇ ದಪ್ಪ.
ಡಿಸ್ಕಿನ ಮೇಲೆ ಮಾತ್ರ ತೆಳ್ಳಗೆ ತುಕ್ಕು,
ಕೆಲಸವಿಲ್ಲದೆ ಕೂತ ಕಬ್ಬಿಣಕ್ಕೆ ಬರುವಂಥದು.

ಮೂವತ್ತೊಂದು ವರ್ಷ ಲೈನರ್ ಬಡಿದ ಕೈ ನಂದು.
ಅದಿರು ಲಾರಿಯ ಡ್ರಮ್ಮು ಬಿಚ್ಚಿದರೆ
ಬುಳುಬುಳು ಉದುರುತ್ತಿತ್ತು ಕರಿ ಪುಡಿ:
ಯಾವುದೋ ಘಾಟಿಯ ಇಳಿಜಾರೆಲ್ಲ ಸುಟ್ಟು
ನನ್ನ ಉಗುರಿನ ಸಂದಿಗೆ ಬಂದು ಕೂರುತ್ತಿತ್ತು.

‘ಹತ್ತು’ ಅಂದರು. ಜೋಗಿಮಟ್ಟಿಗೆ ಹೋದೆವು.
ಅರವತ್ತೆರಡು ಇದ್ದದ್ದು ತುದಿಯಲ್ಲಿ ಐವತ್ತೈದು.
ಎದುರು ಗುಡ್ಡದ ಮೇಲೆ ಫ್ಯಾನುಗಳು
ಸುಮ್ಮನೆ ಹೋಗುವ ಗಾಳಿಯ ಹತ್ತಿರವೂ
ಸುಂಕ ಕಟ್ಟಿಸಿಕೊಳ್ಳುತ್ತಿದ್ದವು.

ಇಳಿಯುವಾಗ ಅವರು ಕಾಲೆತ್ತಿ ಕೂತರು.
ನಾನು ಪಕ್ಕದಲ್ಲಿ, ತಿರುವು ತಿರುವಿಗೂ
ಇಲ್ಲದ ಪೆಡಲು ತುಳಿಯುತ್ತ.
ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ
ಕಾರು ತಾನೇ ನಿಧಾನವಾಯಿತು.
ಮೂಸಿದೆ. ಸುಟ್ಟ ವಾಸನೆ ಇಲ್ಲ.
ಇನ್ನೊಮ್ಮೆ ಮೂಸಿದೆ. ಲಂಟಾನ ಹೂವು.

ಕೆಳಗೆ ಬಂದಾಗ ಐವತ್ತೆಂಟು.
ಏಳು ಹೋಗಿ ಮೂರು ಬಂತು.
‘ಕೊಟ್ಟಷ್ಟೂ ಎಲ್ಲಿ ಬರುತ್ತೆ?’ ಅಂದರು ಮೇಡಂ;
ನನಗೆ ಆ ಮೂರೇ ಜಾಸ್ತಿ ಅನಿಸಿತು.
ನನ್ನ ಲಾರಿಗಳು ಹಿಡಿ ಬೂದಿ ಬಿಟ್ಟು
ಏನೂ ವಾಪಸ್ ತಂದದ್ದಿಲ್ಲ.

ಬಿಲ್ಲಿಗೆ ಏನು ಬರೆಯೋದು?
ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿದೆ, ನೂರೈವತ್ತು ತಗೊಂಡೆ.
‘ವಾರಕ್ಕೊಮ್ಮೆಯಾದರೂ ಗಟ್ಟಿಯಾಗಿ ತುಳೀರಿ ಮೇಡಂ,
ತಾನು ಬ್ರೇಕು ಅನ್ನೋದು
ಬ್ರೇಕಿಗೇ ಮರೆತುಹೋಗಬಾರದು.’