ಮೂರು ವಜಾ

ತೊಂಬತ್ತು ಕ್ರೆಡಿಟ್ ಕಟ್ಟಿಕೊಂಡು ಬಂದೆ ಯಾಕಿಮಾದಿಂದ.
ಎಂಬತ್ತೇಳು ಜಮೆ, ಮೂರು ವಜಾ.
ವಜಾ ಆದದ್ದು ಕುಂಬಾರಿಕೆ.
ಇಲ್ಲಿ ಅದಕ್ಕೆ ಸಮನಾದ ಪಾಠವಿಲ್ಲ,
ಎಂದಳು ಕಿಟಕಿಯಾಚೆಯ ಹೆಂಗಸು
ಯಾರೋ ತೀರಿಕೊಂಡರೆಂಬ ದನಿಯಲ್ಲಿ.

ಆ ಕಾಲೇಜಿಗೆ ಪಾರ್ಕಿಂಗ್ ಜಾಗವೇ ಅಂಗಳ.
ಸೇಬಿನ ಶೆಡ್ಡಿನ ಪಾಳಿ ಮುಗಿಸಿ
ಕೈಗವಸು ಡ್ಯಾಶ್‌ಬೋರ್ಡಿಗೆ ಎಸೆದು ನೇರ ತರಗತಿಗೆ.
ಪಕ್ಕದಲ್ಲಿ ಮಗು ಮಲಗಿಸಿಕೊಂಡ ಗ್ರಿಸೆಲ್ಡಾ,
ಹಿಂದೆ ಅರವತ್ತರ ಡ್ವೇನ್, ಗೊರಕೆ ಸಮೇತ.

ಇಲ್ಲಿ ಹಾಡುಹಗಲೇ ಹುಲ್ಲಿನ ಮೇಲೆ ಮಲಗುತ್ತಾರೆ
ಕೆಲಸವೇ ಇಲ್ಲದವರ ಹಾಗೆ.
ಸ್ವಾಗತದ ದಿನ ಹದಿನೆಂಟರ ಮಕ್ಕಳ ನಡುವೆ ಕೂರಿಸಿ
ಬಟ್ಟೆ ಒಗೆಯುವುದು ಹೇಗೆಂದು ಹೇಳಿಕೊಟ್ಟರು.
ನನಗೆ ಇಪ್ಪತ್ತಾರು. ಬರೆದುಕೊಂಡೆ.
ಜೋಡಿಗಳೆಲ್ಲ ಮೊದಲ ವರ್ಷವೇ ಆಗಿಹೋಗಿವೆ,
ಲ್ಯಾಬಿನಲ್ಲಿ ನಾನು ಬೆಸ:
ಬ್ಯೂರೆಟ್ ಹಿಡಿಯಲೂ ನಾನೇ, ಓದಲೂ ನಾನೇ, ಬರೆಯಲೂ ನಾನೇ.

ಅಮ್ಮ ಫೋನಿನಲ್ಲಿ, ಊಟ ಹೇಗಿದೆ?
ಬೇಕಾದಷ್ಟಿದೆ ಅಂದೆ. ನಿಜವೇ.
ತಟ್ಟೆ ಹಿಡಿದು ಎಲ್ಲಿ ಕೂರುತ್ತೀ ಎಂದು
ಅವಳು ಕೇಳಲಿಲ್ಲ.

ನಿನ್ನೆ ಚೆಲ್ಲೋ ಹೊತ್ತ ಹುಡುಗನೊಬ್ಬ
ಏದುಸಿರು ಬಿಡುತ್ತ, ಸಂಗೀತದ ಕಟ್ಟಡ ಎಲ್ಲಿ, ಅಂದ.
ನನ್ನನ್ನು!
ಗೊತ್ತಿದ್ದವಳ ಗತ್ತಿನಲ್ಲಿ ಎಡಕ್ಕೆ ಕೈ ತೋರಿದೆ.
ಹೋದ.
ಹತ್ತು ಹೆಜ್ಜೆ ನಡೆದ ಮೇಲೆ ಹೊಳೆಯಿತು
ಎಡಕ್ಕಿರುವುದು ದನದ ಆಸ್ಪತ್ರೆ.
ಓಡಿದೆ ಬೆನ್ನ ಹಿಂದೆ, ಹೆಸರು ಗೊತ್ತಿಲ್ಲ,
ಏ ಚೆಲ್ಲೋ, ಏ ಚೆಲ್ಲೋ, ಎಂದು ಕೂಗುತ್ತ.
ಹುಲ್ಲಿನ ಮೇಲಿದ್ದವರೆಲ್ಲ ಎದ್ದು ಕೂತು ನೋಡಿದರು ನನ್ನ,
ಮೊದಲ ಸಲ.