ಕೊನೇ ಸ್ಟಾಪು

ಇಪ್ಪತ್ತಮೂರು ವರ್ಷ ಬಾಗಿಲ ಕಂಬಿಗೆ ಜೋತುಬಿದ್ದು
ಊರಿನ ಹೆಸರುಗಳನ್ನು ಊರಿಗೇ ಕೂಗಿ ಹೇಳಿದವನು ನಾನು.
ಲೇಡಿಹಿಲ್, ಉರ್ವ, ಬೋಳೂರು,
ಬತ್ತೇರಿ ಬತ್ತೇರಿ ಬತ್ತೇರಿ!
ಮೂರು ಸಲ ಕೂಗದಿದ್ದರೆ ಕೊನೇ ಸ್ಟಾಪಿಗೆ ಮರ್ಯಾದೆ ಇಲ್ಲ.
ತಗಡಿಗೆ ಎರಡು ಬಡಿದರೆ, ರೈಟ್, ಪೋಯಿ.
ಹೋಗುತ್ತಿದ್ದದ್ದು ಬಸ್ಸು.
ನಾನು ಬಾಗಿಲಲ್ಲೇ ಇರುತ್ತಿದ್ದೆ.

ದಿನಕ್ಕೆ ಎಂಟು ಟ್ರಿಪ್ಪು, ಎಂಟು ಸಲ ಆ ಕರಿಕಲ್ಲಿನ ಕೋಟೆ.
ಕೋಟೆಯೆಂದರೆ ನನಗೆ ಏಳು ನಿಮಿಷ.
ಮಧ್ಯಾಹ್ನ ಕಳೆದ ಮೇಲೆ ರಸ್ತೆಗೆ ಬೀಳುವ ಅದರ ನೆರಳಲ್ಲಿ
ಬುತ್ತಿಯ ಗಂಜಿ, ಒಂದು ಮಾವಿನಮಿಡಿ,
ಡ್ರೈವರ್ ಸಿರಿಲನ ಅರ್ಧ ಬೀಡಿ.
ನೀಲಿ ಬೋರ್ಡಿಗೆ ಬೆನ್ನು ಕೊಟ್ಟು ಚಿಲ್ಲರೆ ಎಣಿಸುತ್ತಿದ್ದೆ.
ಬೋರ್ಡಿನಲ್ಲಿ ಏನು ಬರೆದಿದೆಯೆಂದು
ಬೆನ್ನಿಗೆ ಗೊತ್ತಿರಬಹುದು.

ಎಲ್ಲೆಲ್ಲಿಂದಲೋ ಬಂದವರು ಇಳಿದು ಕೇಳುತ್ತಿದ್ದರು:
ಮೇಲೆ ಏನುಂಟು?
ಎಂಥದೂ ಇಲ್ಲ ಮಾರಾಯ್ರೆ, ಗಾಳಿ ಉಂಟು, ಎನ್ನುತ್ತಿದ್ದೆ,
ಹತ್ತಿ ಹತ್ತಿ ಬೇಜಾರಾದವನ ಹಾಗೆ.

ಈ ಮಾರ್ಚಿನಲ್ಲಿ ಬಸ್ಸಿಗೆ ವಯಸ್ಸಾಯಿತೆಂದು ಗುಜರಿಗೆ ಕೊಟ್ಟರು.
ಚರ್ಮದ ಬ್ಯಾಗು ನನ್ನಲ್ಲೇ ಉಳಿಯಿತು.
ಜಲಜ ಹೇಳಿದಳು:
ಮದುವೆಯ ವರ್ಷ ಊಟಿ ಎಂದಿರಿ, ಮತ್ತೆ ಮೈಸೂರು ಎಂದಿರಿ,
ಆಮೇಲೆ ಹೇಳುವುದನ್ನೂ ಬಿಟ್ಟಿರಿ.
ಬತ್ತೇರಿಗಾದರೂ ಕರೆದುಕೊಂಡು ಹೋಗಿ.
ನಾನು ನಕ್ಕೆ.
ಅವಳು ನಗಲಿಲ್ಲ, ಸೀರೆಗೆ ಇಸ್ತ್ರಿ ಹಾಕಿದಳು.

ಕಂಡಕ್ಟರ್ ಹುಡುಗ ಗುರುತು ಹಿಡಿದು ದುಡ್ಡು ಬೇಡವೆಂದ.
ಎರಡು ಟಿಕೆಟು ಕೊಡು, ಕಿಟಕಿಯ ಬದಿಯದು, ಎಂದಳು ಜಲಜ.
ಕಿಟಕಿಗೆ ಬೇರೆ ಟಿಕೆಟು ಇರುವುದಿಲ್ಲವೆನ್ನಲು
ಅವನಿಗೂ ಬಾಯಿ ಬರಲಿಲ್ಲ, ನನಗೂ.

ಮೆಟ್ಟಿಲುಗಳನ್ನು ಎಣಿಸಿದೆ, ಹಳೇ ಚಾಳಿ.
ಎಷ್ಟೆಂದು ಹೇಳುವುದಿಲ್ಲ, ನೀವೇ ಹೋಗಿ ಎಣಿಸಿ.
ಮೇಲೆ, ಕೋವಿಗೆಂದು ಗೋಡೆಯಲ್ಲಿ ಬಿಟ್ಟ ಕಿಂಡಿ.
ಕಣ್ಣಿಟ್ಟರೆ ಹೊಳೆ ಟಿಕೆಟಿನಷ್ಟೇ ಅಗಲ.
ಅದರೊಳಗೆ ಒಂದು ದೋಣಿ ಬಂತು, ದಾಟಿತು, ಇಲ್ಲವಾಯಿತು.
ಮತ್ತೊಂದು ಬರುವ ತನಕ ಬರೀ ನೀರು,
ಆಚೆ ತಣ್ಣೀರುಬಾವಿಯ ಗಾಳಿಮರ,
ಅದರಾಚೆ ಸದ್ದಿನಲ್ಲಿ ಮಾತ್ರ ಇರುವ ಕಡಲು.

ಇಲ್ಲಿ ಒಬ್ಬ ನಿಂತಿದ್ದಿರಬೇಕು.
ಬೋರ್ಡಿನಲ್ಲಿ ಸುಲ್ತಾನನುಂಟು
(ಇಳಿದ ಮೇಲೆ ಓದಿದೆ), ಅವನಿಲ್ಲ.
ಹಡಗು ಕಂಡರೆ ಕೂಗಬೇಕು, ಅಷ್ಟೇ ಕೆಲಸ.
ಕಾಣದ ದಿನ ಏನು ಮಾಡುತ್ತಿದ್ದನೋ,
ಬುತ್ತಿಯಲ್ಲಿ ಏನಿತ್ತೋ,
ಹೆಂಡತಿ ಯಾವ ಊರನ್ನು ಕೇಳಿದ್ದಳೋ.
ಈ ಹೊಳೆಯನ್ನು ಅವನೂ
ಯಾವತ್ತಾದರೂ ದಾಟಿದ್ದನೋ ಇಲ್ಲವೋ.

ಗಾಳಿ ಉಂಟು, ಎಂದೆ.
ಸೆರಗು ಹಿಡಿದುಕೊಂಡು ಜಲಜ, ಅದೊಂದೇ ಅಲ್ಲ, ಎಂದಳು.
ಕೆಳಗೆ ಬಸ್ಸು ತಿರುಗುವಲ್ಲಿ
ಟಾರು ಸವೆದು ಅರ್ಧಚಂದ್ರ ಮೂಡಿತ್ತು.
ಅದನ್ನು ಮಾಡಿದ್ದು ನಾವು, ಸಿರಿಲನೂ ನಾನೂ,
ರಿವರ್ಸು, ರಿವರ್ಸು, ಬರಲಿ, ಬರಲಿ, ಹೋಲ್ಡಾನ್.
ಮೇಲಿನಿಂದ ನೋಡದೆ ಇದ್ದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಹಿಂದೆ ಬರುವಾಗ ಕಿಟಕಿ ನನಗೆ ಬಿಟ್ಟುಕೊಟ್ಟಳು.
ಹಂಚಿನ ಮಾಡುಗಳು, ಒಂದು ಇಗರ್ಜಿಯ ಗಂಟೆ,
ಯಾರದೋ ಉಪ್ಪರಿಗೆಯಲ್ಲಿ ಒಣಗಲಿಟ್ಟ ಕೋಕಂ,
ಇವೆಲ್ಲ ಯಾವಾಗ ಬಂದವು?
ನಮ್ಮ ಸ್ಟಾಪನ್ನು ಹುಡುಗ ಮೂರು ಸಲ ಕೂಗಿದನಂತೆ.
ನನಗೆ ಕೇಳಲಿಲ್ಲ. ಜಲಜ ಹೇಳಲಿಲ್ಲ.

ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದೆವು.
ಕಾಂಪೌಂಡಿಗೆ ಒರಗಿಸಿಟ್ಟ ಒಂದು ಕಲ್ಲು,
ಅದರ ಮೇಲೆ ಕೆತ್ತಿದ್ದು ಕುದುರೆಯೋ ನಾಯಿಯೋ,
ಬುಡದಲ್ಲಿ ಯಾರದೋ ಹಾಲಿನ ಪ್ಯಾಕೆಟು.
ಜಲಜ ಮೊಬೈಲಿನ ಬೆಳಕು ಹಿಡಿದಳು.
ಇದೆಂಥದು?
ಎಂಥದೂ ಇಲ್ಲ ಎನ್ನಲು ನಾಲಗೆ ಎದ್ದಿತ್ತು.
ಕುಕ್ಕರಗಾಲಲ್ಲಿ ಕೂತೆ,
ಸ್ವಲ್ಪ ಈಚೆ ಹಿಡಿ, ಎಂದೆ.