ಅರ್ಧಕ್ಕಿಂತ ಚಿಕ್ಕದಾದರೆ

ಹಗಲು ನನ್ನದು ಪ್ಲೇಟ್‌ಲೆಟ್ಟುಗಳ ಲೆಕ್ಕ.
ದಾಪೋಡಿಯ ಲ್ಯಾಬಿನಲ್ಲಿ, ಡೆಂಗಿಯ ತಿಂಗಳಲ್ಲಿ,
ಯಂತ್ರ ಅನುಮಾನಿಸಿದ್ದನ್ನು ಕಣ್ಣಿಟ್ಟು ಎಣಿಸುವವಳು ನಾನು.
ಆರರ ಮೇಲೆ ಬರುತ್ತಾಳೆ ಮೂರನೇ ಮಹಡಿಯ ಸಾಯಲಿ ಗಾವಡೆ
ಉಪ್ಪಿನಕಾಯಿ ಬಾಟಲಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು,
ಕಳ್ಳಮಾಲಿನಂತೆ.
"ತಾಯೀ, ಇದರಲ್ಲಿ ಎಷ್ಟು ಬದುಕಿವೆ ನೋಡ್ತೀಯಾ?"
ಅವಳ ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ.
ಹನ್ನೊಂದು ವರ್ಷವಾಯಿತು ಪುಣೆಗೆ ಬಂದು,
ಈಗಲೂ ಆ ಕರೆಗೆ
ಅರೆಗಳಿಗೆ ತಡೆದೇ ಓ ಎನ್ನುತ್ತೇನೆ.

ಮೇ ತಿಂಗಳಲ್ಲಿ ಯೀಸ್ಟು ಆರಿಸುವಾಗಲೂ
ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.
ಇಂಗ್ಲೆಂಡಿನದು ಬೇಗ ತಳ ಸೇರುತ್ತದೆ, ಒಂದಿಷ್ಟು ಸಿಹಿ ಉಳಿಸುತ್ತದೆ,
ಸೋಮಾರಿ, ಆದರೆ ಸಭ್ಯ.
ಜರ್ಮನಿಯದಕ್ಕೆ ಗೋದಿ ಬೇಕು, ಸೆಕೆ ಏರಿದರೆ ಬಾಳೆಹಣ್ಣಿನ ವಾಸನೆ.
ಬೆಲ್ಜಿಯಮ್ಮಿನದು ಲವಂಗ ಜಗಿದವರ ಉಸಿರು.
ಎಲ್ಲಕ್ಕೂ ಬೇಕು ಹದಿನೆಂಟು, ಇಪ್ಪತ್ತು ಡಿಗ್ರಿಯ ತಂಪು;
ಮೇ ತಿಂಗಳ ಪುಣೆಯಲ್ಲಿ ಅದು ಸಿಗುವುದು
ಎಟಿಎಮ್ಮಿನ ಒಳಗೆ ಮಾತ್ರ.
ಕೊನೆಗೆ ನಾರ್ವೆಯದೊಂದು. ಹಿಮದ ನಾಡಿನದಾದರೂ
ಮೂವತ್ತೈದಕ್ಕೂ ಹೂಂ ಎನ್ನುವಂಥದ್ದು.
"ನಮ್ಮ ಗದಗಿನ ಪೈಕಿ ಇರಬೇಕು" ಅಂದೆ.

ಅವ್ವನಿಗೆ ಫೋನಿನಲ್ಲಿ
ಹೆಪ್ಪು ಎಣಿಸುತ್ತೇನೆ ಎಂದಷ್ಟೇ ಹೇಳಿದೆ, ಯಾತರದೆಂದು ಹೇಳಲಿಲ್ಲ.
"ಹೆಪ್ಪನ್ನ ಯಾರರ ಎಣಿಸಿ ಹಾಕ್ತಾರೇನ?
ಕೈಗುಣ ಇದ್ದರ ಹಾಲು ತಾನ ಮೊಸರಾಕ್ಕೈತಿ."
ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿ ಬಂದವರನ್ನು
ಹೊಸ್ತಿಲಿನಿಂದಲೇ ಕಳಿಸುತ್ತಿದ್ದವಳು ಅವಳು.
ಸಾಯಲಿ ಬರುವುದೇ ದೀಪ ಹಚ್ಚಿದ ಮೇಲೆ.

ಒಂದು ಹನಿ ಕೆಸರು, ತೊಂಬತ್ತೊಂಬತ್ತು ಹನಿ ನೀರು,
ನೀಲಿ ಬಣ್ಣ, ಗೆರೆ ಕೊರೆದ ಗಾಜು.
ಸತ್ತದ್ದು ನೀಲಿ ಕುಡಿದು ಸುಮ್ಮನಾಗುತ್ತದೆ.
ಬದುಕಿದ್ದು ಕುಡಿದದ್ದನ್ನೂ ಅರಗಿಸಿಕೊಂಡು
ಏನೂ ಆಗದಂತೆ ತಿಳಿಯಾಗಿರುತ್ತದೆ.
ಇಪ್ಪತ್ತು ಲೀಟರಿಗೆ ಬೇಕಾದದ್ದು
ಹದಿನೆಂಟು ಸಾವಿರ ಕೋಟಿ.
ಹಗರಣದ ಸುದ್ದಿ ಓದಿದಂತೆ ಓದಿ ಹೇಳಿದೆ.
ಕ್ಯಾಲೆಂಡರಿನ ಬೆನ್ನಿಗೆ ಸೊನ್ನೆಗಳನ್ನು ಇಳಿಸುತ್ತ
ಜಾಗ ಸಾಲದೆ ಅವಳು ಅಂಗೈಗೆ ಬಂದಿದ್ದಳು.

ಎಣಿಸಲು ಒಂದು ನಿಯಮವಿದೆ, ಕಲಿಸಿದೆ:
ತಾಯಿಕಣದ ಮೈಗೆ ಮೊಗ್ಗು ಅಂಟಿಕೊಂಡಿದ್ದರೆ
ಗಾತ್ರ ನೋಡು.
ಅರ್ಧಕ್ಕಿಂತ ದೊಡ್ಡದಾದರೆ ಬೇರೆ ಜೀವ, ಎರಡು ಅನ್ನು.
ಅರ್ಧಕ್ಕಿಂತ ಚಿಕ್ಕದಾದರೆ
ತಾಯಿಯ ಲೆಕ್ಕಕ್ಕೇ ಸೇರಿಸಿಬಿಡು.
ಕಳಚಿ ಹೋದ ಒಂದೊಂದು ಮೊಗ್ಗಿಗೂ
ಅವಳ ಮೈಮೇಲೆ ಉಂಗುರದಂಥ ಕಲೆ ಉಳಿಯುತ್ತದೆ;
ನಮ್ಮ ಲ್ಯಾಬಿನ ಮಸೂರಕ್ಕೆ ಕಾಣುವುದಿಲ್ಲ.

"ಕಾಣದಿದ್ದರೆ ಇದೆ ಅಂತ ಹೇಗೆ ಗೊತ್ತು?"

ಐದನೇ ತಿಂಗಳು. ಸಸೂನ್ ಆಸ್ಪತ್ರೆಯ ಕಲ್ಲಿನ ಮೆಟ್ಟಿಲು.
ಮಕ್ಕಳು ಎಂಬ ಕಡೆ ಗುಮಾಸ್ತ ಸೊನ್ನೆ ಬರೆದುಕೊಂಡ.
ಸರಿಯಾಗಿಯೇ ಬರೆದ.
"ಮುಂದಿನ ಚೌಕ ನೋಡು" ಅಂದೆ.

ನೂರಕ್ಕೆ ಎಂಬತ್ತಮೂರು ಬದುಕಿದ್ದವು.
ತಳದ ಕಂದುಗಸಿ ಬಿಟ್ಟು ನಡುವಿನ ಕೆನೆ ಅಳೆದುಕೊಂಡಳು.
ಉಳಿಸಿದ್ದಕ್ಕೆ ಕುದಿಸಿ ಆರಿಸಿದ ನೀರು,
ಬಾಟಲಿಗೆ ಟೇಪು, ಟೇಪಿನ ಮೇಲೆ:
ಸೆಪ್ಟೆಂಬರ್ ಹದಿನಾಲ್ಕು, ತಲೆಮಾರು ಮೂರು.
ಗುರುವಾರ ಗುರುವಾರ ಕರೆಂಟು ಹೋಗಿ
ಅವಳ ಹಳೇ ಫ್ರಿಜ್ಜು ಸೋತಿದೆ. ಹಾಗಾಗಿ ನನ್ನದರಲ್ಲಿ,
ಶೇಂಗಾ ಚಟ್ನಿಯ ಡಬ್ಬಿಗೂ ಮೊಸರಿನ ಬೋಗುಣಿಗೂ ನಡುವೆ.
"ಮುಚ್ಚಳ ಬಿಗಿ ಮಾಡಬೇಡ ತಾಯೀ,
ಥಂಡಿಯಲ್ಲೂ ಉಸಿರಾಡುತ್ತವೆ. ಒಡೆದೀತು."

ನಡುರಾತ್ರಿ ನೀರಿಗೆಂದು ಎದ್ದಾಗ ಮುಟ್ಟಿ ನೋಡುತ್ತೇನೆ.
ಒಂದೇ ಸುತ್ತು ಸಡಿಲಿಸಿದರೆ
ಟುಸ್ ಎನ್ನುತ್ತದೆ.
ಬಾಗಿಲು ತೆರೆದಿಟ್ಟೇ ನಿಲ್ಲುತ್ತೇನೆ,
ಕರೆಂಟು ಬಿಲ್ಲಿನ ಪರಿವೆಯಿಲ್ಲದೆ,
ಇನ್ನೂ ಸ್ವಲ್ಪ ಹೊತ್ತು.